ಅಂತರಜಾಲದ ಆಡಳಿತ: ವೇತನವಿಲ್ಲದ ದುಡಿಮೆ ಮತ್ತು ವೃತ್ತಿಯ ಲೆಕ್ಕ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ವರ್ತಕರಿಗೆ ಸಹಕಾರಿ ಸಂಘದ ನಿರ್ದೇಶಕನ ಪರಿಚಯ ಮಾಡಿಕೊಡಬೇಕಾಗಿಲ್ಲ. ತನ್ನ ತೋಟದ ಅಥವಾ ಮಂಡಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಸಂಬಳವಿಲ್ಲದೆ ಸಭೆಗೆ ಹೋಗಿ, ಎಲ್ಲರ ವ್ಯಾಪಾರಕ್ಕೂ ಅನ್ವಯಿಸುವ ನಿಯಮವನ್ನು ತೀರ್ಮಾನಿಸುವವನು ಆತ. ಅಂತರಜಾಲದ ಆಡಳಿತವೂ ಬಹುಮಟ್ಟಿಗೆ ಇಂಥವರಿಂದಲೇ ನಡೆಯುತ್ತದೆ ಎಂಬ ಸಂಗತಿ ಮಾತ್ರ ನಮ್ಮ ಮಾರುಕಟ್ಟೆಗಳಲ್ಲಿ ಅಷ್ಟಾಗಿ ತಿಳಿದಿಲ್ಲ.

ಅಂತರಜಾಲ ವಿಳಾಸಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿತವಾಯಿತು. ಅದಕ್ಕೆ ಸಂಬಳದ ಸಿಬ್ಬಂದಿ ಇದ್ದಾರೆ. ಆದರೆ ನೀತಿಯ ಕರಡು ಸಿದ್ಧವಾಗುವುದು ಸ್ವಯಂಸೇವಕರ ಸಮಿತಿಗಳಲ್ಲಿ. ಗಣಕಗಳು ಪರಸ್ಪರ ಸಂಪರ್ಕಿಸುವ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್‌ಗೆ (1986) ಸದಸ್ಯತ್ವವೆಂಬುದೇ ಇಲ್ಲ. ಆಸಕ್ತಿಯುಳ್ಳ ಯಾರಾದರೂ ಚರ್ಚೆಯಲ್ಲಿ ಭಾಗವಹಿಸಬಹುದು. ಅಲ್ಲಿ ಮತ ಎಣಿಸುವ ಪದ್ಧತಿಯಿಲ್ಲ. ಸ್ಥೂಲವಾದ ಒಮ್ಮತವೇ ತೀರ್ಮಾನ.

ಕನ್ನಡಕ್ಕೆ ಸಂಬಂಧಿಸಿದ ಉದಾಹರಣೆಯೊಂದು ಗಮನಾರ್ಹವಾಗಿದೆ. ವಿಳಾಸದಲ್ಲಿ .ಕಾಂ, .ಇನ್ ಬರುವ ಕೊನೆಯ ಭಾಗವನ್ನು ಭಾರತೀಯ ಲಿಪಿಗಳಲ್ಲಿ ಬರೆಯಲು ಯಾವ ಅಕ್ಷರಗಳು ಯಾವ ಕ್ರಮದಲ್ಲಿ ಸಲ್ಲುತ್ತವೆ ಎಂಬುದನ್ನು ಐಕ್ಯಾನ್‌ನ ನವ-ಬ್ರಾಹ್ಮಿ ಸಮಿತಿ ನಿರ್ಧರಿಸಿತು. ಒಂಬತ್ತು ಲಿಪಿಗಳ ಹೊಣೆ ಹೊತ್ತಿದ್ದ ಈ ಸ್ವಯಂಸೇವಾ ಸಮಿತಿಯ ಕನ್ನಡ ಪ್ರಸ್ತಾವ 2019ರಲ್ಲಿ ಸಿದ್ಧವಾಯಿತು. ಅ, ಜ, ಬ, ಲ ಮುಂತಾದ ಅಕ್ಷರಗಳು ಕನ್ನಡದಲ್ಲೂ ತೆಲುಗಿನಲ್ಲೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಗಣಕಕ್ಕೆ ಮಾತ್ರ ಬೇರೆ ಬೇರೆ. ಆದ್ದರಿಂದ ಒಂದು ಲಿಪಿಯಲ್ಲಿ ಒಬ್ಬರಿಗೆ ದೊರೆತ ಹೆಸರಿನ ತದ್ರೂಪು ಇನ್ನೊಂದು ಲಿಪಿಯಲ್ಲಿ ಬೇರೊಬ್ಬರ ಪಾಲಾಗಬಾರದೆಂಬುದು ಇಂಥ ನಿಯಮದ ತಿರುಳು. ತನ್ನ ಚೀಟಿಯನ್ನೇ ಹೋಲುವ ಚೀಟಿ ಅಂಟಿಸಿದ ನಕಲಿ ಮಾಲನ್ನು ಕಂಡಿರುವ ಉತ್ಪಾದಕನಿಗೆ ಇದರ ಬೆಲೆ ತಿಳಿಯದೆ ಇರದು.

ಈ ಸಮಿತಿಯಲ್ಲಿ ಕನ್ನಡದ ಪರವಾಗಿದ್ದ ಡಾ. ಯು. ಬಿ. ಪವನಜ ಅವರು ಮೂಲತಃ ಭಾಭಾ ಅಣುಸಂಶೋಧನ ಕೇಂದ್ರದ ವಿಜ್ಞಾನಿ. 1996ರಲ್ಲಿ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ ಅವರು ಮುಂದೆ ಕನ್ನಡ ಗಣಕೀಕರಣವನ್ನೇ ವೃತ್ತಿಯಾಗಿಸಿಕೊಂಡರು. ಇನ್ನೊಂದು ಬಗೆಯ ದಾರಿ ಧ್ರುವ ಧೋಡಿ ಅವರದು. ಹುವಾವೆ ಸಂಸ್ಥೆಯ ಬೆಂಗಳೂರು ಕಚೇರಿಯಲ್ಲಿದ್ದುಕೊಂಡು ಐಇಟಿಎಫ್‌ನ ಕಾರ್ಯತಂಡದಲ್ಲಿ ವರ್ಷಗಟ್ಟಲೆ ದುಡಿದ ಅವರು 2023ರಲ್ಲಿ ಅಂತರಜಾಲ ವಾಸ್ತುಶಿಲ್ಪ ಮಂಡಳಿಗೆ ಆಯ್ಕೆಯಾದರು.

ಇಂಥ ಸೇವೆಯಿಂದ ವೃತ್ತಿಗೆ ಲಾಭವೇನು? ನೇರವಾದ ಆದಾಯವಿಲ್ಲ. ಬರೆದ ಕರಡಿನ ಮೇಲೆ ಹೆಸರು ಉಳಿಯುತ್ತದೆ, ನಾನಾ ದೇಶಗಳ ತಜ್ಞರ ಪರಿಚಯವಾಗುತ್ತದೆ, ಭಿನ್ನಾಭಿಪ್ರಾಯದ ನಡುವೆ ಒಪ್ಪಂದ ಕುದುರಿಸುವ ಅಭ್ಯಾಸ ಬರುತ್ತದೆ. ಮುಂದಿನ ಉದ್ಯೋಗದಲ್ಲಿ ಇವೇ ಬಂಡವಾಳವಾಗುವುದುಂಟು. ಖರ್ಚಿನ ಕಡೆ ನೋಡಿದರೆ, ಭಾರತದ ವೇಳೆಗೆ ನಡುರಾತ್ರಿಯಲ್ಲಿ ಬರುವ ದೂರವಾಣಿ ಸಭೆಗಳು, ವಿದೇಶ ಪ್ರಯಾಣ, ಮತ್ತು ಬಡ್ತಿಯ ಲೆಕ್ಕಕ್ಕೆ ಬಾರದ ಗಂಟೆಗಳು. ಐಕ್ಯಾನ್ ಹೊಸಬರಿಗೆ ಪ್ರಯಾಣದ ನೆರವನ್ನು ನೀಡುತ್ತದಾದರೂ ಅದು ಕೆಲವರಿಗೆ ಮಾತ್ರ. (ಮನೆಯವರ ಸಹನೆಗೆ ಯಾವ ನೆರವೂ ಇಲ್ಲ.)

ವ್ಯಾಪಾರಿಗಳು ಯೋಚಿಸಬೇಕಾದದ್ದು ಇಲ್ಲಿಯೇ. ಬಾಗಿಲು ಎಲ್ಲರಿಗೂ ತೆರೆದಿದ್ದರೂ, ನೌಕರನ ವೇಳೆಯನ್ನೂ ವಿಮಾನದ ವೆಚ್ಚವನ್ನೂ ಭರಿಸಬಲ್ಲ ದೊಡ್ಡ ಕಂಪೆನಿಗಳೇ ಒಳಗೆ ಹೆಚ್ಚು ಕಾಣಿಸುತ್ತವೆ. ಐಕ್ಯಾನ್‌ನ ನೀತಿ ಸಮಿತಿಗಳಲ್ಲಿ ಪ್ರತಿಯೊಬ್ಬರೂ ತಮ್ಮ ಹಿತಾಸಕ್ತಿಯನ್ನು ಬರವಣಿಗೆಯಲ್ಲಿ ಘೋಷಿಸಬೇಕೆಂಬ ನಿಯಮವಿರುವುದು ಈ ಕಾರಣಕ್ಕಾಗಿಯೇ. ಆದರೆ ಘೋಷಣೆಯಿಂದ ಗೈರುಹಾಜರಿ ತುಂಬುವುದಿಲ್ಲ. ಕನ್ನಡ ಲಿಪಿಯ .ಭಾರತ ವಿಳಾಸವಿದ್ದರೂ, ಕನ್ನಡದ ಮಿಂಚಂಚೆ ವಿಳಾಸವನ್ನು ತಿರಸ್ಕರಿಸುವ ಅರ್ಜಿ ನಮೂನೆಗಳು ಇಂದಿಗೂ ಸಾಕಷ್ಟಿವೆ. ಈ ತೊಡಕನ್ನು ಅನುಭವಿಸುವ ಅಡಿಕೆ ವರ್ತಕನಾಗಲಿ ಗಂಧದ ಕೆತ್ತನೆಯ ಕುಶಲಕರ್ಮಿಯಾಗಲಿ ಆ ಸಭೆಗಳಲ್ಲಿ ಇರುವುದಿಲ್ಲ.

ಐಕ್ಯಾನ್‌ನಲ್ಲಿ ವ್ಯಾಪಾರ ಬಳಕೆದಾರರಿಗಾಗಿ ಪ್ರತ್ಯೇಕ ವಿಭಾಗವಿದ್ದು, ವಾಣಿಜ್ಯ ಸಂಘಗಳೂ ಅದರ ಸದಸ್ಯರಾಗಬಹುದು. ಮಲೆನಾಡಿನಿಂದ ಹೋಗಿ ಬೆಂಗಳೂರಿನಲ್ಲಿ ನೆಲೆಸಿರುವ ತಂತ್ರಜ್ಞರು ಅನೇಕರಿದ್ದಾರೆ. ಅಂಥ ಒಬ್ಬರಿಗೆ ಇಲ್ಲಿನ ವರ್ತಕರ ತೊಂದರೆಗಳನ್ನು ಬರೆದುಕೊಟ್ಟು, ಸಾರ್ವಜನಿಕ ಅಭಿಪ್ರಾಯ ಕೇಳಿದಾಗ ಅವಧಿಯೊಳಗೆ ಸಲ್ಲಿಸುವಂತೆ ಮಾಡಲು ವಿಮಾನದ ಟಿಕೇಟು ಬೇಕಾಗಿಲ್ಲ.