ಅಡಮಾನದ ಸಾಲವನ್ನು ವಾಯಿದೆಗೆ ಮುಂಚೆ ತೀರಿಸುವ ಕ್ರಮ

ಅಲ್ಪ ಹಿಡುವಳಿಯ ರೈತನು ತನ್ನ ಜಮೀನನ್ನು ಅಡಮಾನವಿಟ್ಟು ಸಾಲ ಪಡೆಯುವುದು ಬಾವಿ ತೋಡಿಸುವುದಕ್ಕೊ, ಎತ್ತುಗಳನ್ನು ಕೊಳ್ಳುವುದಕ್ಕೊ, ಮನೆ ಕಟ್ಟುವುದಕ್ಕೊ, ಮಕ್ಕಳ ವಿವಾಹಕ್ಕೊ ಆಗಿರುತ್ತದೆ. ಪತ್ರಕ್ಕೆ ರುಜು ಹಾಕುವ ದಿನ ಜಮೀನು ಕೈಬಿಟ್ಟೀತೆಂದು ಯಾವನೂ ಎಣಿಸುವುದಿಲ್ಲ. ಅದು ಕೈಬಿಡುವುದು ಬಹಳ ವರ್ಷಗಳು ಕಳೆದ ಮೇಲೆ, ಅದೂ ಅಸಲಿನ ದೆಸೆಯಿಂದಲ್ಲ, ಬಡ್ಡಿಯ ದೆಸೆಯಿಂದ. ವರಮಾನವೇ ಕಡಮೆಯಾದವನು ವಾಯಿದೆಗೆ ಮುಂಚೆ ಸಾಲ ತೀರಿಸುವುದೆಲ್ಲಿ ಬಂತು ಎಂದು ಕೇಳುವವರುಂಟು. ಲೆಕ್ಕವನ್ನು ನೋಡಿದರೆ ಅಂಥವನಿಗೇ ಇದು ಹೆಚ್ಚು ಅಗತ್ಯವೆಂದು ತಿಳಿದುಬರುವುದು. ಊರಿನಲ್ಲಿ ಪತ್ರ ಓದಿಸಿಕೊಳ್ಳಲು ಜನರು ಬರುವುದು ಗ್ರಾಮದ ಮುಖಂಡರ ಬಳಿಗೇ ಆದುದರಿಂದ ಈ ಲೆಕ್ಕವು ಅವರಿಗೆ ತಿಳಿದಿರತಕ್ಕದ್ದು.

ರೈತನೊಬ್ಬನು ೧,೦೦,೦೦೦ ರೂಪಾಯಿಗಳನ್ನು ವರ್ಷಕ್ಕೆ ನೂರಕ್ಕೆ ೧೨ ರೂಪಾಯಿ ಬಡ್ಡಿಯಂತೆ, ೧೦ ವಾರ್ಷಿಕ ಸಮಕಂತುಗಳಲ್ಲಿ ತೀರಿಸುವ ಕರಾರಿನ ಮೇಲೆ ತೆಗೆದಿದ್ದಾನೆಂದು ಇಟ್ಟುಕೊಳ್ಳೋಣ. ಅವನ ಕಂತು ಸುಮಾರು ೧೭,೭೦೦ ರೂಪಾಯಿ. ಮೊದಲನೆಯ ಕಂತನ್ನು ಕಟ್ಟಿದಾಗ ಅದರಲ್ಲಿ ೧೨,೦೦೦ ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವುದು ೫,೭೦೦ ಮಾತ್ರ. ಹತ್ತು ವರ್ಷಗಳಲ್ಲಿ ಅವನು ಕಟ್ಟುವ ಮೊತ್ತ ಸುಮಾರು ೧,೭೭,೦೦೦. ಈಗ ಅದೇ ರೈತನು ಮೊದಲನೆಯ ವರ್ಷದಿಂದಲೇ ಕಂತಿನೊಡನೆ ೩,೦೦೦ ರೂಪಾಯಿ ಹೆಚ್ಚಾಗಿ ಕಟ್ಟುತ್ತ ಬಂದರೆ, ಏಳು ಕಂತುಗಳಾದ ಮೇಲೆ ಎಂಟನೆಯ ವರ್ಷ ಸುಮಾರು ೧೩,೭೦೦ ರೂಪಾಯಿಗೆ ಸಾಲವು ಮುಗಿದುಹೋಗುವುದು. ಹೆಚ್ಚಾಗಿ ಕೊಟ್ಟುದು ಒಟ್ಟು ೨೧,೦೦೦. ಮುಂದೆ ಕೊಡಬೇಕಾಗಿದ್ದು ತಪ್ಪಿದ್ದು ೩೯,೪೦೦. ನಿವ್ವಳ ಉಳಿತಾಯವು ೧೮,೪೦೦ ರೂಪಾಯಿ, ಅದರ ಮೇಲೆ ಎರಡು ವರ್ಷ ಮುಂಚಿತವಾಗಿ ಋಣಮುಕ್ತಿ.

ಮೊದಲ ವರ್ಷಗಳಲ್ಲಿ ಕೊಟ್ಟ ಹಣಕ್ಕೇ ಬಲ ಹೆಚ್ಚು. ಮೊದಲನೆಯ ಕಂತಿನೊಡನೆ ಅಸಲಿಗೆ ಕಟ್ಟಿದ ೧,೦೦೦ ರೂಪಾಯಿಯು ಕೊನೆಯ ಕಂತಿನ ವೇಳೆಗೆ ೨,೭೭೦ ರೂಪಾಯಿಗೂ ಮೇಲ್ಪಟ್ಟು ಭಾರವನ್ನು ಇಳಿಸುವುದು. ಅದೇ ಹಣವನ್ನು ಒಂಬತ್ತನೆಯ ಕಂತಿನೊಡನೆ ಕೊಟ್ಟರೆ ಇಳಿಯುವುದು ೧,೧೨೦ ಮಾತ್ರ. ಆದಕಾರಣ “ಮುಂದೆ ಕೈ ಬಿಡುವಾದಾಗ ಒಟ್ಟಿಗೆ ಕಟ್ಟೋಣ” ಎಂದು ಕಾಯುವುದು ನಷ್ಟದ ದಾರಿ.

ಈ ೩,೦೦೦ ರೂಪಾಯಿಗಳು ಎಲ್ಲಿಂದ ಬರತಕ್ಕವು? ರಾಗಿಯ ಹಣವು ವರ್ಷಕ್ಕೊಮ್ಮೆ ಬಂದು ನಾಲ್ಕು ಕಡೆ ಹರಿದುಹೋಗುವುದು. ಆದುದರಿಂದ ನಿಗದಿಯಾದ ಕಂತನ್ನು ಕಣದಲ್ಲಿಯೇ ಎತ್ತಿಡಬೇಕು, ಹಣವು ಮನೆಯನ್ನು ಹೊಕ್ಕ ಮೇಲೆ ಎತ್ತಿಡುವುದು ಕಷ್ಟ. ಹೆಚ್ಚಿನ ಹಣಕ್ಕೆ ಹಾಲೇ ಯುಕ್ತವಾದ ಮೂಲ. ಒಂದು ಹಸುವು ಕರೆಯುವ ಸುಮಾರು ೩೦೦ ದಿನಗಳಲ್ಲಿ ದಿನಕ್ಕೆ ೧೦ ರೂಪಾಯಿಯನ್ನು ಬೇರೆಯಿಟ್ಟರೆ ೩,೦೦೦ ಆಗುವುದು. ಹಾಲಿನ ಸಂಘದಿಂದ ಬರುವ ಹಣದಲ್ಲಿ ಇಷ್ಟನ್ನು ಮನೆಯ ಯಜಮಾನಿಯ ವಶಕ್ಕೆ ಕೊಡುವುದು ಲೇಸು. ನನ್ನ ಸರ್ಕೀಟಿನಲ್ಲಿ ನೋಡಿರುವಂತೆ, ಗಂಡಸರ ಕೈಯಲ್ಲಿದ್ದ ಇಂಥ ಹಣವು ಸಂತೆಯ ದಿನವನ್ನು ದಾಟುವುದು ಅಪೂರ್ವ. ಬದುಗಳ ಮೇಲಿನ ಹುಣಿಸೆ, ಹೊಂಗೆ, ಹಲಸುಗಳ ಉತ್ಪತ್ತಿಯನ್ನೂ ಇದಕ್ಕೆ ಸೇರಿಸಬಹುದು.

ಆದರೆ ಸಾಲ ತೀರಿಸುವ ಆತುರದಲ್ಲಿ ಭೂಮಿಯ ಹೊಟ್ಟೆಯನ್ನು ಕಡಿಯಬಾರದು. ಮಳೆಯಾಶ್ರಯದ ರಾಗಿಗೆ ಎಕರೆಗೆ ಸುಮಾರು ೩ ಟನ್ ಕೊಟ್ಟಿಗೆ ಗೊಬ್ಬರವು ಬೇಕು. ಆ ಗೊಬ್ಬರವನ್ನು ಮಾರಿಯೋ, ಬಿತ್ತನೆಯ ಬೀಜವನ್ನು ತೂಗಿಯೋ, ದನಗಳ ಮೇವನ್ನು ಕಡಮೆಮಾಡಿಯೋ ಕಟ್ಟಿದ ಕಂತು ಮುಂದಿನ ಸುಗ್ಗಿಯಲ್ಲಿ ಎರಡರಷ್ಟಾಗಿ ಕೈಕಚ್ಚುವುದು. ಒಂದು ಬೆಳೆಯ ಬೇಸಾಯದ ಖರ್ಚಿನಷ್ಟನ್ನು ಕೈಯಲ್ಲಿ ಇಟ್ಟುಕೊಂಡ ಮೇಲೆಯೇ ಹೆಚ್ಚಿನ ಹಣವನ್ನು ಕಟ್ಟತಕ್ಕದ್ದು. ಇಲ್ಲವಾದರೆ ಮಳೆ ತಪ್ಪಿದ ವರ್ಷ ಅವನು ಪುನಃ ಕೈಸಾಲಕ್ಕೆ ಹೋಗುವನು. ತಿಂಗಳಿಗೆ ನೂರಕ್ಕೆ ೨ ರೂಪಾಯಿ ಎಂಬುದು ಕಿವಿಗೆ ಅಲ್ಪವಾಗಿ ಕೇಳಿದರೂ ವರ್ಷಕ್ಕೆ ೨೪ ಆಗುವುದು. ಇಂಥ ಕೈಸಾಲವು ಈಗಾಗಲೇ ಇದ್ದರೆ ಅಡಮಾನದ ಸಾಲಕ್ಕಿಂತ ಮೊದಲು ಅದನ್ನೇ ತೀರಿಸಬೇಕು. ಸಹಕಾರ ಸಂಘಗಳಿಂದ ರಿಯಾಯಿತಿ ಬಡ್ಡಿಗೆ ದೊರೆತ ಸಾಲವಿದ್ದರೆ ಅದಕ್ಕೆ ಆತುರ ಬೇಡ. ವಾಯಿದೆಯ ದಿನವನ್ನು ಮಾತ್ರ ಮೀರಬಾರದು, ಮೀರಿದರೆ ರಿಯಾಯಿತಿಯೇ ಹೋಗುವುದು.

ಭೋಗ್ಯದ ವಿಷಯವು ಬೇರೆ. ಭೂಮಿಯು ಸಾಲ ಕೊಟ್ಟವನ ಸ್ವಾಧೀನದಲ್ಲಿದ್ದು ಅದರ ಫಲವನ್ನು ಬಡ್ಡಿಗೆ ಬದಲಾಗಿ ಅವನೇ ಅನುಭವಿಸುವುದರಿಂದ, ಬಡ್ಡಿಯೇ ಇಲ್ಲವೆಂದು ರೈತರು ಸಮಾಧಾನಪಡುವುದುಂಟು. ೧,೦೦,೦೦೦ ರೂಪಾಯಿಗೆ ಭೋಗ್ಯವಾದ ಜಮೀನಿನಿಂದ ಖರ್ಚು ಕಳೆದು ವರ್ಷಕ್ಕೆ ೨೦,೦೦೦ ಬರುತ್ತಿದ್ದರೆ ಅದು ನೂರಕ್ಕೆ ೨೦ರ ಬಡ್ಡಿಯೇ ಸರಿ. ಅಸಲಿನಲ್ಲಿ ಒಂದು ಕಾಸೂ ಇಳಿಯದು. ಅದೇ ರೈತನು ೧೨ರ ಬಡ್ಡಿಗೆ ಬ್ಯಾಂಕಿನಿಂದ ಸಾಲ ಪಡೆದು ಭೋಗ್ಯವನ್ನು ಬಿಡಿಸಿಕೊಂಡರೆ, ಆ ೨೦,೦೦೦ದಿಂದಲೇ ೧೭,೭೦೦ರ ಕಂತನ್ನು ಕಟ್ಟಿ ಹತ್ತು ವರ್ಷಗಳಲ್ಲಿ ಜಮೀನನ್ನು ನಿರ್ಬಾಧಕವಾಗಿ ಪಡೆಯಬಹುದು. ಮೈಸೂರು ಸಂಸ್ಥಾನದಲ್ಲಿ ೧೯೨೯ನೆಯ ಇಸವಿಯಲ್ಲಿ ಭೂ ಅಡಮಾನ ಬ್ಯಾಂಕು ಸ್ಥಾಪಿತವಾದುದು ಹಳೆಯ ಸಾಲಗಳನ್ನು ಹೀಗೆ ದೀರ್ಘಾವಧಿಯ ಕಂತುಗಳಿಗೆ ತರುವ ಉದ್ದೇಶದಿಂದಲೇ. ಇಂಥ ಸಾಲದ ಹಣವು ರೈತನ ಕೈಗೆ ಬಾರದೆ ನೇರವಾಗಿ ಹಳೆಯ ಸಾಲಗಾರನಿಗೆ ಸಲ್ಲುವಂತೆ ಏರ್ಪಡಿಸಿಕೊಳ್ಳುವುದು ಕ್ಷೇಮ.

ಇನ್ನು ಪತ್ರದ ವಿಚಾರ. ೧೮೮೨ನೆಯ ಇಸವಿಯ ಸ್ವತ್ತು ವರ್ಗಾವಣೆ ಕಾಯಿದೆಯ ೬೦ನೆಯ ಸೆಕ್ಷನ್ನಿನಂತೆ, ಅಸಲು ಸಲ್ಲಬೇಕಾದ ಕಾಲವು ಬಂದ ಮೇಲೆ ಹಣ ಕೊಟ್ಟು ಜಮೀನನ್ನು ಬಿಡಿಸಿಕೊಳ್ಳುವ ಹಕ್ಕು ಅಡಮಾನವಿಟ್ಟವನಿಗೆ ಉಂಟು. ಆ ಕಾಲಕ್ಕೆ ಮುಂಚೆ ತೀರಿಸಬೇಕಾದರೆ ಪತ್ರದಲ್ಲಿ ಅದಕ್ಕೆ ಅವಕಾಶವಿರಬೇಕು, ಇಲ್ಲವೆ ಸಾಲ ಕೊಟ್ಟವನು ಒಪ್ಪಬೇಕು. ಆದುದರಿಂದ ರುಜು ಹಾಕುವುದಕ್ಕೆ ಮೊದಲೇ “ಯಾವಾಗ ಬೇಕಾದರೂ ಭಾಗಶಃ ಅಥವಾ ಪೂರ್ತಿಯಾಗಿ ಕೊಟ್ಟು ತೀರಿಸಬಹುದು” ಎಂಬ ಮಾತನ್ನು ಬರೆಯಿಸಿಕೊಳ್ಳತಕ್ಕದ್ದು. ಮುಂಚೆ ತೀರಿಸಿದರೆ ದಂಡವುಂಟೋ ಎಂಬುದನ್ನೂ ಓದಿಸಿ ತಿಳಿಯತಕ್ಕದ್ದು. ಕಾಲ ಬಂದ ಮೇಲೂ ಸಾಲ ಕೊಟ್ಟವನು ಹಣವನ್ನು ತೆಗೆದುಕೊಳ್ಳಲು ಒಪ್ಪದಿದ್ದರೆ ೮೩ನೆಯ ಸೆಕ್ಷನ್ನಿನಂತೆ ನ್ಯಾಯಾಲಯದಲ್ಲಿ ಠೇವಣಿ ಇಡಬಹುದು. ಕ್ರಯಪತ್ರ ಬರೆದುಕೊಟ್ಟು “ಹಣ ಕೊಟ್ಟಾಗ ಹಿಂದಕ್ಕೆ ಬರೆದುಕೊಡುತ್ತೇನೆ” ಎಂಬ ಬಾಯಿಮಾತನ್ನು ನಂಬುವವರು ಇನ್ನೂ ಇದ್ದಾರೆ. ಆ ಷರತ್ತು ಅದೇ ಪತ್ರದಲ್ಲಿ ಇಲ್ಲದಿದ್ದರೆ ಕಾನೂನಿನ ದೃಷ್ಟಿಯಲ್ಲಿ ಅದು ಅಡಮಾನವೇ ಅಲ್ಲ. ಇಂಥ ಪತ್ರಕ್ಕೆ ಸಾಕ್ಷಿ ಹಾಕುವಂತೆ ಯಾರಾದರೂ ಕೇಳಿದರೆ ಮುಖಂಡರು ಜಮೀನಿನ ಒಡೆಯನಿಗೆ ಈ ಮಾತನ್ನು ತಿಳಿಸಿಕೊಡಬೇಕು.

ಹೆಚ್ಚಿನ ಹಣವನ್ನು ಕಟ್ಟುವಾಗ ಅದು “ಅಸಲಿಗೆ ಜಮಾ” ಎಂದು ರಸೀತಿಯಲ್ಲಿ ಬರೆದಿರಬೇಕು. ಬರೆಯದೆ ಬಿಟ್ಟರೆ ಮುಂದಿನ ಕಂತಿಗೆ ಮುಂಗಡವೆಂದು ಇಟ್ಟುಕೊಳ್ಳುವುದುಂಟು; ಆಗ ಮೇಲೆ ಹೇಳಿದ ಉಳಿತಾಯವು ಕೈಗೆ ಬಾರದು. ಕಂತಿನ ಮೊತ್ತವನ್ನು ಇಳಿಸುತ್ತೇವೆಂದು ಹೇಳಿದರೆ, ಕಂತು ಹಾಗೆಯೇ ಇರಲಿ, ಅವಧಿಯನ್ನು ಇಳಿಸಿರೆಂದು ಕೇಳಬೇಕು.

ಸಾಲ ತೀರಿದ ದಿನವೇ ಕೆಲಸ ಮುಗಿಯುವುದಿಲ್ಲ. ಮೂಲಪತ್ರಗಳನ್ನು ಹಿಂದಕ್ಕೆ ಪಡೆದು, ನೋಂದಣಿಯಾದ ಅಡಮಾನಕ್ಕೆ ಬಿಡುಗಡೆಯ ಪತ್ರವನ್ನೂ ನೋಂದಣಿ ಮಾಡಿಸಬೇಕು. ರಿಸರ್ವ್ ಬ್ಯಾಂಕು ೨೦೨೩ನೆಯ ಇಸವಿಯಲ್ಲಿ ತನ್ನ ಹತೋಟಿಗೊಳಪಟ್ಟ ಬ್ಯಾಂಕುಗಳಿಗೆ ಆಜ್ಞೆ ಮಾಡಿ, ಸಾಲ ಪೂರ್ತಿ ತೀರಿದ ೩೦ ದಿನಗಳೊಳಗೆ ಸ್ವತ್ತಿನ ಮೂಲಪತ್ರಗಳನ್ನು ಹಿಂದಿರುಗಿಸಬೇಕೆಂದೂ, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ ೫,೦೦೦ ರೂಪಾಯಿ ಪರಿಹಾರ ಕೊಡಬೇಕೆಂದೂ ವಿಧಿಸಿದೆ. ಪಹಣಿಯ ೧೧ನೆಯ ಕಾಲಮ್ಮಿನಲ್ಲಿ ಋಣದ ನಮೂದು ಉಳಿದುಬಿಟ್ಟರೆ ಮುಂದೆ ಮಕ್ಕಳು ಸಾಲಕ್ಕೆ ಹೋದಾಗಲೂ, ವಿಭಾಗದ ಕಾಲದಲ್ಲೂ ತೊಂದರೆಯುಂಟಾಗುವುದು. ಸಾಲ ತೀರಿದುದರ ಪತ್ರವನ್ನು ಸಲ್ಲಿಸಿ ಆ ನಮೂದನ್ನು ತೆಗೆಯಿಸಿ, ಹೊಸ ಪಹಣಿಯ ನಕಲನ್ನು ಪಡೆದು ರಸೀತಿಗಳ ಜೊತೆಯಲ್ಲಿ ಇಟ್ಟುಕೊಳ್ಳತಕ್ಕದ್ದು.