ಪೊರೆ ಕಳಚುವ ಸನ್ಯಾಸಿ ಏಡಿಯ ಪಾಲನೆ



ಪ್ರಾಣಿಶಾಸ್ತ್ರದ ಪಾಠವು ಶಾಲೆಯ ಕರಿಹಲಗೆಯ ಮುಂದೆ ಆರಂಭವಾದರೂ ಅಲ್ಲಿಯೇ ಮುಗಿಯತಕ್ಕದ್ದಲ್ಲ. ಮನೆಯಲ್ಲಿ ಸಾಕಿದ ಒಂದು ಸಣ್ಣ ಪ್ರಾಣಿಯು ಪುಸ್ತಕದ ಹತ್ತು ಪುಟಗಳಿಗಿಂತ ಹೆಚ್ಚಿನದನ್ನು ಮಕ್ಕಳಿಗೆ ಕಲಿಸಬಲ್ಲದು. ಆದರೆ ಅದರ ಸ್ವಭಾವವನ್ನು ಅರಿಯದೆ ಸಾಕಿದರೆ ನಮ್ಮ ಪ್ರೀತಿಯೇ ಅದರ ಮರಣಕ್ಕೆ ಕಾರಣವಾಗುವದುಂಟು.

ನಮ್ಮಲ್ಲಿ ಓದಿ ಈಗ ಅಮೇರಿಕ ದೇಶದಲ್ಲಿ ಸಂಸಾರ ಮಾಡಿಕೊಂಡಿರುವ ಒಬ್ಬ ಹಳೆ ವಿದ್ಯಾರ್ಥಿನಿಯ ಪತ್ರದಲ್ಲಿ ಇಂಥ ಒಂದು ಪ್ರಶ್ನೆ ಇತ್ತು. ರಜೆಯಲ್ಲಿ ಸಮುದ್ರತೀರಕ್ಕೆ ಹೋದಾಗ ಆಕೆಯ ಮಕ್ಕಳು ಅಂಗಡಿಯಿಂದ ಎರಡು ಸನ್ಯಾಸಿ ಏಡಿಗಳನ್ನು ಕೊಂಡು ತಂದರಂತೆ. ಒಂದು ವಾರದೊಳಗೆ ಅವುಗಳಲ್ಲಿ ಒಂದು ಮರಳಿನೊಳಗೆ ಹೊಕ್ಕು ಕಾಣದೆ ಹೋಯಿತು. ಇಪ್ಪತ್ತು ದಿನವಾದರೂ ಹೊರಗೆ ಬಾರದಿರುವದರಿಂದ ಅದು ಸತ್ತಿರಬಹುದೇ, ಅಗೆದು ನೋಡಬಹುದೇ ಎಂದು ಆಕೆ ಕೇಳಿದ್ದಾಳೆ. ಇದೇ ಸಂದೇಹವು ಬೇರೆ ಮನೆಗಳಲ್ಲಿಯೂ ಹುಟ್ಟಬಹುದಾದ ಕಾರಣ ಉತ್ತರವನ್ನು ಪಾಠರೂಪವಾಗಿ ಎಲ್ಲರಿಗೂ ಕೊಡುತ್ತೇನೆ. ಅಗೆಯಬಾರದೆಂಬದೇ ಉತ್ತರದ ಸಾರ. ಯಾಕೆ ಅಗೆಯಬಾರದು, ಅಗೆಯದೆ ಏನು ಮಾಡಬೇಕು ಎಂಬದನ್ನು ಕ್ರಮವಾಗಿ ತಿಳಿಯೋಣ.

೧. ಪ್ರಾಣಿಯ ಪರಿಚಯ

ನಮ್ಮ ಕರಾವಳಿಯ ಮಕ್ಕಳಿಗೆ ಸನ್ಯಾಸಿ ಏಡಿಯು ಹೊಸತಲ್ಲ. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ನಿಂತ ನೀರಿನೊಳಗೆ ಒಂದು ಶಂಖವು ತಾನಾಗಿ ನಡೆಯುವಂತೆ ಕಂಡರೆ ಅದರೊಳಗೆ ಇರುವದು ಈ ಪ್ರಾಣಿಯೇ. ಆ ಶಂಖವು ಅದರದ್ದಲ್ಲ. ಸತ್ತುಹೋದ ಕಡಲ ಬಸವನಹುಳುವಿನ ಬರಿದಾದ ಚಿಪ್ಪು. ನಾವು ತುಳುವಿನಲ್ಲಿ ಡೆಂಜಿ ಎಂದು ಕರೆದು ಸಾರು ಮಾಡುವ ಏಡಿಯ ಮೈಯೆಲ್ಲವೂ ಗಟ್ಟಿಯಾಗಿರುತ್ತದೆ. ಸನ್ಯಾಸಿ ಏಡಿಯ ಹಿಂಭಾಗವಾದರೋ ಮೃದುವಾಗಿ ಸುರುಳಿಯಂತೆ ಬಾಗಿರುವದರಿಂದ ಅದಕ್ಕೆ ಬೇರೊಂದರ ಮನೆ ಅವಶ್ಯ.

ಇದಕ್ಕೆ ಹತ್ತು ಕಾಲುಗಳುಂಟು. ಮೊದಲನೆಯ ಜೋಡಿಯು ಇಕ್ಕಳದಂಥ ಕೈಗಳು. ನೆಲದ ಸನ್ಯಾಸಿ ಏಡಿಯಲ್ಲಿ ಎಡಗೈ ದೊಡ್ಡದು. ಪ್ರಾಣಿಯು ಒಳಗೆ ಸೇರಿಕೊಂಡಾಗ ಆ ಕೈಯೇ ಬಾಗಿಲಿನಂತೆ ಶಂಖದ ಬಾಯನ್ನು ಮುಚ್ಚುತ್ತದೆ. ಮುಂದಿನ ಎರಡು ಜೋಡಿಗಳು ನಡೆಯುವದಕ್ಕೆ. ಕಡೆಯ ಎರಡು ಜೋಡಿಗಳು ಬಹು ಸಣ್ಣವಾಗಿದ್ದು ಶಂಖದ ಒಳಗೇ ಅಡಗಿರುತ್ತವೆ.

ಅಮೇರಿಕದ ಅಂಗಡಿಗಳಲ್ಲಿ ಮಾರುವದು ನೀರಿನ ಜಾತಿಯಲ್ಲ, ನೆಲದ ಜಾತಿ. ಅದು ಹೆಚ್ಚಾಗಿ ಕೆರಿಬಿಯನ್ ದ್ವೀಪಗಳ ಕಡೆಯದು. ಶಾಸ್ತ್ರಜ್ಞರು ಅದನ್ನು ಸೀನೊಬಿಟಾ ಕ್ಲಿಪಿಯೇಟಸ್ ಎಂದು ಕರೆಯುತ್ತಾರೆ. ಸೀನೊಬಿಟಾ ಎಂಬ ಮಾತಿಗೆ ಮಠದಲ್ಲಿ ಸಂಘವಾಗಿ ವಾಸಿಸುವ ಸನ್ಯಾಸಿ ಎಂದರ್ಥ. ಈ ಹೆಸರು ನಮ್ಮ ಭಾಷೆಯ ಹೆಸರಿಗಿಂತ ಒಂದು ವಿಷಯದಲ್ಲಿ ಸರಿಯಾದದ್ದು; ಯಾಕಂದರೆ ಈ ಪ್ರಾಣಿಯು ಏಕಾಂತವಾಸಿಯಲ್ಲ, ಗುಂಪಾಗಿ ಬಾಳುವಂಥದು. ಕಡಲತೀರದಲ್ಲಿ ಒಂದು ದೊಡ್ಡ ಶಂಖವು ಬರಿದಾಗಿ ದೊರೆತರೆ ಏಡಿಗಳು ಗಾತ್ರಕ್ಕೆ ತಕ್ಕಂತೆ ಸಾಲಾಗಿ ನಿಂತು, ಒಂದು ಬಿಟ್ಟ ಮನೆಯನ್ನು ಅದಕ್ಕಿಂತ ಸಣ್ಣದು ಹಿಡಿಯುವ ಹಾಗೆ ಮನೆಗಳನ್ನು ಬದಲಾಯಿಸಿಕೊಳ್ಳುವದನ್ನು ಪಂಡಿತರು ಕಂಡಿದ್ದಾರೆ.

ನೆಲದ ಮೇಲಿದ್ದರೂ ಇದು ಉಸಿರಾಡುವದು ಮುಖ್ಯವಾಗಿ ಕಿವಿರುಗಳಿಂದ. ಆ ಕಿವಿರುಗಳು ಯಾವಾಗಲೂ ಒದ್ದೆಯಾಗಿರಬೇಕು. ಒಣ ಗಾಳಿಯಲ್ಲಿ ಅದು ಒಂದೇ ದಿನದಲ್ಲಿ ಸಾಯದೆ, ವಾರಗಟ್ಟಲೆ ಮೆಲ್ಲಮೆಲ್ಲನೆ ಉಸಿರುಕಟ್ಟಿ ಸಾಯುತ್ತದೆ. ತಂತಿಯ ಪಂಜರದಲ್ಲಿ ಒಂದು ಒದ್ದೆ ಸ್ಪಂಜನ್ನಿಟ್ಟು ಮಾರುವ ಪದ್ಧತಿಯು ಆದ ಕಾರಣ ಬಹು ಕ್ರೂರವಾದದ್ದು.

೨. ಪೊರೆ ಕಳಚುವದು ಯಾಕೆ, ಹೇಗೆ?

ನಮ್ಮ ಎಲುಬುಗಳು ಮೈಯ ಒಳಗಿದ್ದು ನಮ್ಮೊಡನೆ ಬೆಳೆಯುತ್ತವೆ. ಏಡಿಯ ಎಲುಬೋ ಅದರ ಮೈಯ ಹೊರಗಿನ ಕವಚವೇ. ಕೈಟಿನ್ ಎಂಬ ಪದಾರ್ಥದಿಂದಲೂ ಸುಣ್ಣದ ಅಂಶದಿಂದಲೂ ಆದ ಆ ಕವಚವು ಹಿಗ್ಗುವದಿಲ್ಲ. ಮಗುವಿಗೆ ಅಂಗಿಯು ಬಿಗಿಯಾದರೆ ತಾಯಿಯು ಹೊಸದನ್ನು ಹೊಲಿಸುವಂತೆ, ಏಡಿಯು ಬೆಳೆಯಬೇಕಾದರೆ ಹಳೆಯ ಕವಚವನ್ನು ಬಿಟ್ಟು ಹೊಸದನ್ನು ತೊಡಲೇಬೇಕು.

ಈ ಕೆಲಸಕ್ಕೆ ಮೈಯೊಳಗಿನ ಹಾರ್ಮೋನುಗಳು ಅಪ್ಪಣೆ ಕೊಡುತ್ತವೆ. ಪೊರೆ ಕಳಚುವದನ್ನು ತಡೆಯುವ ಹಾರ್ಮೋನು ಕಣ್ಣಿನ ದಂಟುಗಳಲ್ಲಿ ಹುಟ್ಟುತ್ತದೆ. ಅದು ಕಡಿಮೆಯಾದಾಗ ಬೇರೆ ಗ್ರಂಥಿಗಳಿಂದ ಎಕ್ಡೈಸೋನ್ ವರ್ಗದ ಹಾರ್ಮೋನು ಹೊರಟು ಮೈಯಲ್ಲೆಲ್ಲಾ ಹರಡುತ್ತದೆ. ಆಗ ಹಳೆಯ ಕವಚದ ಸುಣ್ಣದಲ್ಲಿ ಒಂದು ಪಾಲು ಮೈಯೊಳಕ್ಕೆ ಹೀರಲ್ಪಟ್ಟು, ಕೆಳಗೆ ಹೊಸ ಮೃದುವಾದ ಪೊರೆಯು ಸಿದ್ಧವಾಗುತ್ತದೆ. ಬಳಿಕ ಏಡಿಯು ತಾನು ಕೂಡಿಸಿಟ್ಟ ನೀರಿನ ಒತ್ತಡದಿಂದ ಹಳೆಯ ಕವಚವನ್ನು ಸೀಳಿ, ಕಾಲು, ಮೀಸೆ, ಕಣ್ಣಿನ ದಂಟುಗಳ ಸಹಿತವಾಗಿ ತನ್ನನ್ನು ಅದರಿಂದ ಎಳೆದುಕೊಳ್ಳುತ್ತದೆ. ಮುರಿದುಹೋಗಿದ್ದ ಕಾಲು ಸಹ ಈ ಸಮಯದಲ್ಲಿ ಹೊಸದಾಗಿ ಬರುವದುಂಟು.

ಹೊರಗೆ ಬಂದ ಪ್ರಾಣಿಯು ಮೇಣದಷ್ಟು ಮೆತ್ತಗಿರುತ್ತದೆ. ಅದು ನಡೆಯಲಾರದು, ಕೈಯೆತ್ತಿ ತನ್ನನ್ನು ಕಾಪಾಡಿಕೊಳ್ಳಲಾರದು. ಈ ಬಲಹೀನತೆಯ ದಿನಗಳನ್ನು ಕಳೆಯುವದಕ್ಕಾಗಿಯೇ ಅದು ಮೊದಲೇ ಮರಳನ್ನು ತೋಡಿ ಕತ್ತಲೆಯಲ್ಲಿ ಒಂದು ಸಣ್ಣ ಗುಹೆಯನ್ನು ಮಾಡಿಕೊಂಡಿರುತ್ತದೆ. ಅಲ್ಲಿ ತಾನು ಕಳಚಿದ ಕವಚವನ್ನೇ ಮೆಲ್ಲಮೆಲ್ಲನೆ ತಿಂದು ಅದರಲ್ಲಿದ್ದ ಸುಣ್ಣವನ್ನು ಮರಳಿ ಪಡೆಯುತ್ತದೆ. ಗೋಲಿಯಷ್ಟು ಸಣ್ಣ ಏಡಿಗೆ ಈ ಕೆಲಸಕ್ಕೆ ಸಾಮಾನ್ಯವಾಗಿ ೨ರಿಂದ ೪ ವಾರಗಳೂ, ನಿಂಬೆಹಣ್ಣಿನಷ್ಟು ದೊಡ್ಡದಕ್ಕೆ ೨ ತಿಂಗಳೂ, ಇನ್ನೂ ದೊಡ್ಡದಕ್ಕೆ ೩ ತಿಂಗಳು ಅಥವಾ ಹೆಚ್ಚು ಕಾಲವೂ ಹಿಡಿಯುತ್ತವೆ. ಇಪ್ಪತ್ತು ದಿನವೆಂಬದು ಹೆದರತಕ್ಕ ಅವಧಿಯಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ.

೩. ಮುನ್ಸೂಚನೆಗಳು

ಎಲ್ಲಾ ಏಡಿಗಳೂ ಎಲ್ಲಾ ಗುರುತುಗಳನ್ನು ತೋರಿಸುವದಿಲ್ಲ. ಆದರೂ ಗಮನಿಸತಕ್ಕವುಗಳು ಇವು: ಬಹಳ ತಿನ್ನುವದು, ಬಹಳ ನೀರು ಕುಡಿಯುವದು, ಅಲ್ಲಲ್ಲಿ ಮರಳನ್ನು ತೋಡಿ ನೋಡುವದು, ಮೈಬಣ್ಣವು ಬೂದಿ ಬಳಿದಂತೆ ಮಂಕಾಗುವದು, ಕಣ್ಣುಗಳ ಹೊಳಪು ಕುಗ್ಗುವದು, ಮೀಸೆಗಳು ಚುರುಕಾಗಿ ಆಡದಿರುವದು, ಕಳೆದುಹೋದ ಕಾಲಿನ ಸ್ಥಳದಲ್ಲಿ ಲೋಳೆಯಂಥ ಸಣ್ಣ ಮೊಳಕೆ ಕಾಣುವದು. ಹೊಟ್ಟೆಯ ಎಡಭಾಗದಲ್ಲಿ ನೀರು ಕೊಬ್ಬುಗಳು ತುಂಬಿದ ಒಂದು ಚೀಲವು ಉಬ್ಬುತ್ತದೆ. ಆದರೆ ಅದನ್ನು ನೋಡುವದಕ್ಕಾಗಿ ಪ್ರಾಣಿಯನ್ನು ಶಂಖದಿಂದ ಎಳೆಯಬಾರದು. ಎಳೆದರೆ ಅದು ಬಿಟ್ಟುಕೊಡುವದಕ್ಕಿಂತ ಹರಿದುಹೋಗುವದೇ ಹೆಚ್ಚು.

ಹೊಸದಾಗಿ ತಂದ ಏಡಿಯ ವಿಷಯದಲ್ಲಿ ಒಂದು ವಿಶೇಷವುಂಟು. ಅಂಗಡಿಯಲ್ಲಿ ಅದಕ್ಕೆ ತೋಡುವಷ್ಟು ಮರಳು ದೊರೆತಿರುವದಿಲ್ಲವಾದದರಿಂದ ಅದು ಪೊರೆ ಕಳಚುವದನ್ನು ಮುಂದಕ್ಕೆ ಹಾಕಿರಬಹುದು. ಆಳವಾದ ಒದ್ದೆ ಮರಳು ಕಂಡ ಕೂಡಲೇ ಅದು ಒಳಗೆ ಇಳಿದರೆ, ಹೊಸ ಮನೆಯನ್ನು ಅದು ಒಪ್ಪಲಿಲ್ಲವೆಂದಲ್ಲ, ಬಹು ದಿನಗಳಿಂದ ಕಾದಿದ್ದ ಅನುಕೂಲವು ಸಿಕ್ಕಿತೆಂದು ತಿಳಿಯಬೇಕು.

೪. ಸಿದ್ಧಪಡಿಸತಕ್ಕ ಸ್ಥಳ

ಪಂಜರವು ಕೂಡದು. ಮುಚ್ಚಳವುಳ್ಳ ಗಾಜಿನ ತೊಟ್ಟಿಯು ಬೇಕು. ಅದರಲ್ಲಿ ಐದು ಪಾಲು ಶುದ್ಧವಾದ ನಯ ಮರಳಿಗೆ ಒಂದು ಪಾಲು ತೆಂಗಿನ ನಾರಿನ ಪುಡಿಯನ್ನು ಬೆರಸಿ, ಕಡಿಮೆಯೆಂದರೆ ೬ ಅಂಗುಲ ಆಳಕ್ಕೆ, ಅಥವಾ ಅತಿ ದೊಡ್ಡ ಏಡಿಯ ಎತ್ತರದ ಮೂರು ಪಾಲಿನಷ್ಟು ಆಳಕ್ಕೆ, ಇವೆರಡರಲ್ಲಿ ಯಾವದು ಹೆಚ್ಚೋ ಅಷ್ಟಕ್ಕೆ ತುಂಬಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಮರಳು ಮುದ್ದೆಯಾಗಿ ನಿಲ್ಲಬೇಕು. ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಒಣ ಮರಳಿನಲ್ಲಿ ಗುಹೆಯು ಕುಸಿಯುತ್ತದೆ; ಕೆಸರಿನಲ್ಲಿ ಏಡಿಯು ಮುಳುಗಿ ಸಾಯುತ್ತದೆ.

ಗಾಳಿಯ ತೇವವು ಶೇಕಡಾ ೮೦ರ ಸುಮಾರಿಗೂ, ಶಾಖವು ಸೆಂಟಿಗ್ರೇಡಿನಲ್ಲಿ ೨೪ರಿಂದ ೨೯ ಡಿಗ್ರಿಯೊಳಗೂ ಇರಬೇಕು. ನಮ್ಮ ಕರಾವಳಿಯ ಮಳೆಗಾಲದ ಹವೆಯನ್ನು ನೆನಪಿಗೆ ತಂದುಕೊಂಡರೆ ಸಾಕು. ಶೀತದೇಶದಲ್ಲಿ ಶಾಖ ಕೊಡುವ ಸಾಧನವನ್ನು ತೊಟ್ಟಿಯ ಹಿಂಬದಿಗೆ, ಮರಳಿನ ಮಟ್ಟಕ್ಕಿಂತ ಮೇಲೆ ಅಂಟಿಸತಕ್ಕದ್ದು; ತಳದಲ್ಲಿ ಇಟ್ಟರೆ ತಂಪಿಗಾಗಿ ಕೆಳಗಿಳಿದ ಪ್ರಾಣಿಯು ಬೆಂದುಹೋದೀತು.

ಎರಡು ಬಗೆಯ ನೀರನ್ನು ಇಡಬೇಕು: ಒಂದು ಸಿಹಿನೀರು, ಮತ್ತೊಂದು ಉಪ್ಪುನೀರು. ನಲ್ಲಿಯ ನೀರಿನ ಕ್ಲೋರಿನ್ ಕಿವಿರುಗಳಿಗೆ ಕೆಡುಕು ಮಾಡುವದರಿಂದ, ಮೀನು ಸಾಕುವವರು ಉಪಯೋಗಿಸುವ ಔಷಧದಿಂದ ಅದನ್ನು ಮೊದಲು ತೆಗೆಯಬೇಕು. ಉಪ್ಪುನೀರಿಗೆ ಕಡಲ ಮೀನಿನ ತೊಟ್ಟಿಗಳಿಗಾಗಿ ಮಾರುವ ಉಪ್ಪೇ ಬೇಕು. ಅಡಿಗೆಯ ಉಪ್ಪು ಸಲ್ಲದು. ಬಣ್ಣ ಬಳಿದ ಶಂಖಗಳನ್ನು ಕೊಡಬಾರದು, ಯಾಕಂದರೆ ಉದುರುವ ಬಣ್ಣವನ್ನು ಏಡಿಯು ತಿನ್ನುವದುಂಟು. ಸಹಜವಾದ ಶಂಖಗಳನ್ನು, ಈಗಿನದಕ್ಕಿಂತ ತುಸು ದೊಡ್ಡವುಗಳನ್ನು, ಒಂದೊಂದು ಏಡಿಗೆ ಮೂರು ನಾಲ್ಕರಂತೆ ಇಟ್ಟಿರಬೇಕು. ಪೊರೆ ಕಳಚಿ ಬೆಳೆದವನಿಗೆ ಹಳೆಯ ಮನೆಯು ಇಕ್ಕಟ್ಟಾಗುತ್ತದಲ್ಲವೇ?

ಆಹಾರದಲ್ಲಿ ಸುಣ್ಣದ ಅಂಶವು ಅವಶ್ಯ. ಕಪ್ಪೆ ಬೊಂಡಾಸಿನ ಬೆನ್ನಿನ ಬಿಳಿ ಎಲುಬು, ಪುಡಿಮಾಡಿದ ಕೋಳಿಮೊಟ್ಟೆಯ ಓಡು, ಉಪ್ಪು ಹಾಕದೆ ಒಣಗಿಸಿದ ಸಿಗಡಿ, ತೆಂಗಿನಕಾಯಿಯ ತುಂಡು, ಮಾವು ಮೊದಲಾದ ಹಣ್ಣುಗಳು, ಔಷಧ ಸಿಂಪಡಿಸದ ಮರದ ಒಣಗಿದ ಎಲೆಗಳು, ಇವೆಲ್ಲವೂ ಒಳ್ಳೆಯವು.

೫. ಮರಳಿನೊಳಗೆ ಇರುವಾಗ

ಈಗ ಅತಿ ಕಠಿನವಾದ ಕೆಲಸವು ಬರುತ್ತದೆ. ಅದು ಏನೂ ಮಾಡದೆ ಇರುವದು. ಅಗೆಯಬಾರದು, ತೊಟ್ಟಿಯನ್ನು ಅಲುಗಾಡಿಸಬಾರದು, ಮರಳನ್ನು ಬದಲಾಯಿಸಬಾರದು. ಅಗೆದರೆ ಗುಹೆಯು ಕುಸಿದು ಮೆತ್ತನೆಯ ಮೈಗೆ ಪೆಟ್ಟು ತಗಲುತ್ತದೆ. ಅರ್ಧ ಕಳಚಿದ ಏಡಿಯಾದರೆ ಸತ್ತೇ ಹೋಗುತ್ತದೆ. ತೇವವನ್ನೂ ಶಾಖವನ್ನೂ ದಿನಾಲು ನೋಡುತ್ತಾ, ಮೇಲಿರುವ ಏಡಿಗೆ ಅನ್ನ ನೀರು ತಪ್ಪದೆ ಕೊಡುತ್ತಾ ಇರಬೇಕು. ಹಸಿದ ಏಡಿಯು ಮೆತ್ತಗಿರುವ ಜೊತೆಗಾರನನ್ನು ವಾಸನೆಯಿಂದ ಹುಡುಕಿ ತಿನ್ನುವದುಂಟು.

ಒಂದು ವೇಳೆ ಏಡಿಯು ಮರಳಿನ ಮೇಲೆಯೇ ಪೊರೆ ಕಳಚಿದರೆ ಅದನ್ನು ಮುಟ್ಟಿ ಎತ್ತಬಾರದು. ತಳವನ್ನು ಕತ್ತರಿಸಿದ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಅದರ ಸುತ್ತಲೂ ಮರಳಿನಲ್ಲಿ ಇಳಿಸಿ, ಗಾಳಿಯಾಡುವದಕ್ಕೆ ಬಾಯನ್ನು ತೆರೆದಿಟ್ಟು, ಮೇಲೆ ಕಪ್ಪು ಬಟ್ಟೆಯನ್ನು ಸಡಿಲಾಗಿ ಹಾಕಿ ಕತ್ತಲೆ ಮಾಡಬೇಕು. ಕಳಚಿದ ಕವಚವನ್ನು ಅದರ ಹತ್ತಿರವೇ ಬಿಡಬೇಕು. ಅದು ಕಸವಲ್ಲ, ಪಥ್ಯದ ಆಹಾರ.

೬. ಸತ್ತಿದೆಯೋ, ಬದುಕಿದೆಯೋ?

ಅನೇಕ ಮನೆಗಳಲ್ಲಿ ಶಂಖದ ಹತ್ತಿರ ಬಿದ್ದ ಕವಚವನ್ನು ಹೆಣವೆಂದು ತಿಳಿದು, ಜೀವವಿರುವ ಏಡಿಯನ್ನೂ ಅದರ ಜೊತೆಗೆ ಹೊರಗೆ ಎಸೆದದ್ದುಂಟು. ಕಳಚಿದ ಕವಚವು ಹಗುರವಾಗಿ, ಒಳಗೆ ಪೊಳ್ಳಾಗಿ, ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಸತ್ತ ಏಡಿಯು ಜೋತುಬಿದ್ದು, ಕೊಳೆತ ಮೀನಿನ ದುರ್ವಾಸನೆಯನ್ನು ಕೊಡುತ್ತದೆ; ಆ ವಾಸನೆಯು ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಅಂಥ ಬಲವಾದ ವಾಸನೆ ಇಲ್ಲದಿದ್ದರೆ ಕಾಯುವದೇ ಬುದ್ಧಿವಂತಿಕೆ.

೭. ತಾಯಂದಿರಿಗೆ ಕೆಲವು ಮಾತುಗಳು

ಈ ಪ್ರಾಣಿಗಳ ಮರಿಗಳು ಕಡಲಿನ ನೀರಿನಲ್ಲಿ ಹುಟ್ಟಿ, ಅಲ್ಲಿಯೇ ಹಲವು ರೂಪಗಳನ್ನು ತಾಳಿ, ಬಳಿಕ ಒಂದು ಸಣ್ಣ ಶಂಖವನ್ನು ಹುಡುಕಿಕೊಂಡು ದಡಕ್ಕೆ ಬರುತ್ತವೆ. ಮನೆಯಲ್ಲಿ ಅವುಗಳನ್ನು ಮರಿಮಾಡಿಸುವದು ಬಹು ಅಪರೂಪ. ಆದ ಕಾರಣ ಅಂಗಡಿಯಲ್ಲಿರುವವು ಹೆಚ್ಚುಕಡಿಮೆ ಎಲ್ಲವೂ ದಡದಿಂದ ಹಿಡಿದು ತಂದವುಗಳೇ. ಒಳ್ಳೇ ಪಾಲನೆಯಲ್ಲಿ ೩೦ ವರ್ಷಕ್ಕೂ ಮಿಕ್ಕಿ ಬಾಳಿದ ಏಡಿಗಳುಂಟು. ಅರಿಯದವರ ಕೈಯಲ್ಲಿ ಕೆಲವು ತಿಂಗಳುಗಳು ಮಾತ್ರ ಬದುಕಿ ಸಾಯುವವು ಅನೇಕ. ತಂದದ್ದಾಗಿದ್ದರೆ ಚೆನ್ನಾಗಿ ಸಾಕಿರಿ. ತಾರದಿದ್ದವರು ತರಬೇಕೆಂದು ನಾನು ಹೇಳಲಾರೆ. ಊರಿನಲ್ಲಿರುವ ತಂದೆತಾಯಿಗಳು ನಮ್ಮ ತೀರದ ನೀರಿನ ಏಡಿಗಳನ್ನು ಬಾಲ್ದಿಯಲ್ಲಿ ಮನೆಗೆ ತರಲು ಮಕ್ಕಳಿಗೆ ಅಪ್ಪಣೆ ಕೊಡಬಾರದು; ಅವು ಬಾಳಲಾರವು. ಬರಿದಾದ ಶಂಖಗಳನ್ನು ಚೀಲ ತುಂಬಾ ಆರಿಸಿ ತರುವದೂ ಆ ಪ್ರಾಣಿಗಳ ಮನೆಗಳನ್ನು ಕಸಿದುಕೊಂಡಂತೆಯೇ. ಮೂಕಪ್ರಾಣಿಯ ಜೀವವನ್ನು ಲಕ್ಷಿಸುವದು ನೀತಿವಂತರ ಗುಣವೆಂದು ಜ್ಞಾನೋಕ್ತಿಗಳ ಪುಸ್ತಕವು ನಮಗೆ ಕಲಿಸಿದೆಯಷ್ಟೇ.

ಇನ್ನೊಂದು ಸಂಗತಿ. ಹದಿಮೂರು ಹದಿನಾಲ್ಕು ವರ್ಷದ ಹೆಣ್ಣುಮಗಳು ಕೆಲವು ಕಾಲ ಮಾತು ಕಡಿಮೆ ಮಾಡಿ ತನ್ನಷ್ಟಕ್ಕೆ ಇರುವದನ್ನು ಕಂಡು ತಾಯಂದಿರು ಶಾಲೆಗೆ ಬಂದು ನನ್ನಲ್ಲಿ ಕಳವಳಪಡುತ್ತಾರೆ. ಕಾರಣವಿಲ್ಲದ ಮೌನವೋ, ಕಷ್ಟದ ಮೌನವೋ ಎಂದು ವಿಚಾರಿಸತಕ್ಕದ್ದು ನಿಶ್ಚಯ. ಆದರೆ ಎಲ್ಲವನ್ನೂ ಒಮ್ಮೆಲೇ ಅಗೆದು ನೋಡುವದರಿಂದ ಬೆಳೆಯುವ ಮನಸ್ಸಿಗೆ ಗಾಯವಾಗುತ್ತದೆ. ಹತ್ತಿರವಿದ್ದು, ಊಟ ಉಪಚಾರಗಳಲ್ಲಿ ಕೊರತೆ ಮಾಡದೆ, ಅವಳಾಗಿ ಬರುವ ತನಕ ಕಾದಿರುವದು ಒಳ್ಳೆಯದು.

ಮನೆಯಲ್ಲಿ ಮಕ್ಕಳನ್ನು ಕೇಳತಕ್ಕ ಪ್ರಶ್ನೆಗಳು

(ಕ) ಸನ್ಯಾಸಿ ಏಡಿಗೆ ಶಂಖವು ಯಾಕೆ ಬೇಕು? ಅದು ಎಲ್ಲಿಂದ ಬಂತು?
(ಚ) ಏಡಿಯು ಬೆಳೆಯಬೇಕಾದರೆ ಪೊರೆಯನ್ನು ಯಾಕೆ ಕಳಚಬೇಕು? ನಮಗೆ ಅದು ಯಾಕೆ ಬೇಕಾಗಿಲ್ಲ?
(ಟ) ಕಳಚಿದ ಕವಚವನ್ನು ತೆಗೆದು ಬಿಸಾಡಿದರೆ ಏಡಿಗೆ ಏನು ನಷ್ಟ?
(ತ) ಏಡಿಯು ಮರಳಿನೊಳಗೆ ಹೋದ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿರಿ. ಅದು ಎಷ್ಟು ದಿನಗಳ ಮೇಲೆ ಹೊರಗೆ ಬಂತು? ಬಣ್ಣದಲ್ಲಿಯೂ ಗಾತ್ರದಲ್ಲಿಯೂ ಯಾವ ವ್ಯತ್ಯಾಸ ಕಂಡಿರಿ?