ಚಿತ್ರ ಟಿವಿಗೆ, ಸದ್ದು ರಿಸೀವರಿಗೆ

ಮಗಳೇ, ಹೊಸ 4ಕೆ ಟಿವಿ ಕೊಟ್ಟ ಅಂಗಡಿಯವರು ನಿನ್ನಪ್ಪನ ಹಳೆಯ ಹೋಮ್ ಥಿಯೇಟರನ್ನು ಎಕ್ಸ್‌ಚೇಂಜಿಗೆ ಹಾಕಿ ಸೌಂಡ್‌ಬಾರ್ ತೆಗೆದುಕೊಳ್ಳಿ ಎಂದರಂತೆ. ದಯವಿಟ್ಟು ಕೊಡಬೇಡ. ಹಳೆಯ ಸೆಟ್ಟು ಹೊಸ ಟಿವಿಗೆ ಹೊಂದುವುದಿಲ್ಲ ಅನ್ನುವುದು ಅರ್ಧ ಮಾತ್ರ ನಿಜ. ಆಂಪ್ಲಿಫೈಯರ್ ಮಾಡುವ ಕೆಲಸ, ಸ್ಪೀಕರ್ ಮಾಡುವ ಕೆಲಸ 20 ವರ್ಷದಲ್ಲಿ ಬದಲಾಗಿಲ್ಲ. ಬದಲಾಗಿರುವುದು ವೈರ್ ಚುಚ್ಚುವ ಕಿಂಡಿಗಳು. 2005ರ ಸುಮಾರಿನ ಆ ರಿಸೀವರಿನಲ್ಲಿ ಎಚ್‌ಡಿಎಂಐ ಇಲ್ಲ. ಹೊಸ ಟಿವಿಯಲ್ಲಿ ಹೆಚ್ಚುಕಡಿಮೆ ಅದೇ ಎಲ್ಲ. ಆದರೂ ಎರಡರ ಬೆನ್ನಲ್ಲೂ ಒಂದು ಪುಟ್ಟ ಚೌಕದ ಕಿಂಡಿ ಇದೆ, ಮುಚ್ಚಳ ತೆಗೆದರೆ ಟಿವಿಯ ಕಡೆಯದರಲ್ಲಿ ಕೆಂಪು ಬೆಳಕು ಕಾಣುತ್ತದೆ. ಅದೇ ಆಪ್ಟಿಕಲ್. ಅದು ಸಾಕು.

ಮೊದಲು ಒಂದು ಹಳೆಯ ಅಭ್ಯಾಸ ಬಿಡಬೇಕು. ಆಗೆಲ್ಲ ಡಿವಿಡಿ ಪ್ಲೇಯರ್, ಸೆಟ್ ಟಾಪ್ ಬಾಕ್ಸ್ ಎಲ್ಲವನ್ನೂ ರಿಸೀವರಿಗೆ ತಂದು ಸೇರಿಸಿ, ಅಲ್ಲಿಂದ ಟಿವಿಗೆ ಒಂದೇ ವೈರ್ ಎಳೆಯುತ್ತಿದ್ದೆವು. ಈಗ ಅದನ್ನು ತಿರುವುಮುರುವು ಮಾಡು. ಸೆಟ್ ಟಾಪ್ ಬಾಕ್ಸ್, ಸ್ಟ್ರೀಮಿಂಗ್ ಸ್ಟಿಕ್ ಏನೇ ಇರಲಿ, ನೇರ ಟಿವಿಯ ಎಚ್‌ಡಿಎಂಐಗೆ ಹೋಗಲಿ. ಟಿವಿಯ ಆಪ್ಟಿಕಲ್ ಔಟ್‌ನಿಂದ ರಿಸೀವರಿನ ಆಪ್ಟಿಕಲ್ ಇನ್‌ಗೆ ಒಂದು ಕೇಬಲ್. ಚಿತ್ರದ ಗೊಡವೆ ರಿಸೀವರಿಗೆ ಬೇಡವೇ ಬೇಡ. ಮುಂದೆ 8ಕೆ ಟಿವಿ ತಂದರೂ ಈ ಜೋಡಣೆಗೆ ತೊಂದರೆಯಿಲ್ಲ.

ಆಪ್ಟಿಕಲ್ ಹಳೆಯ ಕಾಲದ್ದು, ಅದರಲ್ಲಿ ಒಳ್ಳೆಯ ಸೌಂಡ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಲೆಕ್ಕ ತಿಳಿದುಕೊಂಡಿರು. ಇದನ್ನು 1983ರಲ್ಲಿ ತೋಷಿಬಾ ಕಂಪನಿ ತನ್ನ ಸಿಡಿ ಪ್ಲೇಯರುಗಳಿಗಾಗಿ ತಂದದ್ದು, ಎರಡು ಚಾನೆಲ್ ಸಂಗೀತ ಸಾಗಿಸಲು. ಎರಡು ಚಾನೆಲ್ಲಿನ ಪಿಸಿಎಂ, ಅಂದರೆ ಒತ್ತಿ ಮಡಚದ ಧ್ವನಿಗೆ ಸೆಕೆಂಡಿಗೆ ಸುಮಾರು 1,500 ಕಿಲೋಬಿಟ್ ಬೇಕು. ಆರು ಚಾನೆಲ್ಲನ್ನು ಹಾಗೇ ಕಳಿಸಿದರೆ 4,600 ದಾಟುತ್ತದೆ, ಈ ಕಿಂಡಿಯಲ್ಲಿ ಅದು ಹಿಡಿಸುವುದಿಲ್ಲ. ಡಾಲ್ಬಿ ಡಿಜಿಟಲ್ ಮಾಡಿದ್ದೇನೆಂದರೆ, ಆ ಆರೂ ಚಾನೆಲ್ಲನ್ನು ಒತ್ತಿ ಮಡಚಿ 448ಕ್ಕೆ, ಹೆಚ್ಚೆಂದರೆ 640 ಕಿಲೋಬಿಟ್‌ಗೆ ಇಳಿಸಿತು. ಡಿಟಿಎಸ್ ಸುಮಾರು 1,500ರ ಮಿತಿಯೊಳಗೇ ಕೂತಿತು. ನಿನ್ನಪ್ಪ ಡಿವಿಡಿಯಲ್ಲಿ ಕೇಳಿ ಖುಷಿಪಟ್ಟ 5.1 ಸೌಂಡ್ ಎಲ್ಲ ಇಂಥ ಕಿಂಡಿಯಿಂದಲೇ ಬಂದದ್ದು. ಹೊಸ ಒಟಿಟಿಗಳು ಕಳಿಸುವುದು ಡಾಲ್ಬಿ ಡಿಜಿಟಲ್ ಪ್ಲಸ್; ಅದು ಆಪ್ಟಿಕಲ್‌ನಲ್ಲಿ ಸಾಗುವುದಿಲ್ಲ. ಅದನ್ನು ಹಳೆಯ ಡಾಲ್ಬಿ ಡಿಜಿಟಲ್‌ಗೆ ಬದಲಿಸಿಕೊಡುವ ಕೆಲಸ ಟಿವಿಯದು, ಬಹುತೇಕ ಟಿವಿಗಳು ಮಾಡುತ್ತವೆ. ತಪ್ಪಿಹೋಗುವುದು ಅಟ್ಮಾಸ್, ಅಂದರೆ ತಲೆಯ ಮೇಲಿಂದ ಬರುವ ಸದ್ದು. ನಿಮ್ಮ ಮನೆಯಲ್ಲಿ ಸೂರಿಗೆ ಸ್ಪೀಕರ್ ಹಾಕಿಲ್ಲವಲ್ಲ, ಅದಕ್ಕಾಗಿ ಕೊರಗುವುದು ಬೇಡ.

ಕೇಬಲ್ ಸೇರಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಬಹಳ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಟಿವಿಯ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಸೌಂಡ್ ಔಟ್‌ಪುಟ್ ಆಪ್ಟಿಕಲ್ ಎಂದು ಮಾಡು, ಟಿವಿಯ ಸ್ಪೀಕರ್ ಆಫ್ ಮಾಡು. ಆಮೇಲೆ ಡಿಜಿಟಲ್ ಔಟ್‌ಪುಟ್ ಅನ್ನುವ ಇನ್ನೊಂದು ಸಾಲು ಇರುತ್ತದೆ. ಅಲ್ಲಿ ಪಿಸಿಎಂ ಎಂದಿದ್ದರೆ ಎರಡೇ ಚಾನೆಲ್ ಹೊರಬರುತ್ತದೆ. ಆಟೋ ಅಥವಾ ಡಾಲ್ಬಿ ಡಿಜಿಟಲ್ ಎಂದು ಬದಲಾಯಿಸು. ರಿಸೀವರಿನಲ್ಲಿ ಯಾವ ಆಪ್ಟಿಕಲ್ ಕಿಂಡಿಗೆ ಯಾವ ಹೆಸರು ಇದೆ ನೋಡು. ಹಳೆಯವುಗಳಲ್ಲಿ ಒಂದಕ್ಕೆ ಟಿವಿ, ಇನ್ನೊಂದಕ್ಕೆ ಸಿಡಿ ಎಂದು ಹೆಸರಿಟ್ಟಿರುತ್ತಾರೆ, ಅದೇ ಇನ್‌ಪುಟ್ ಆರಿಸಬೇಕು. ಈಗ 5.1 ಎಂದು ಗುರುತಿರುವ ಒಂದು ಸಿನಿಮಾ ಹಾಕಿ ರಿಸೀವರಿನ ಮುಖ ನೋಡು. ಡಾಲ್ಬಿ ಡಿಜಿಟಲ್ ಎಂದು ದೀಪ ಬೆಳಗಿತೋ, ಗೆದ್ದೆ. ಪಿಸಿಎಂ ಎಂದು ತೋರಿಸಿದರೆ ಐದೂ ಸ್ಪೀಕರಿನಲ್ಲಿ ಸದ್ದು ಬರುತ್ತಿದ್ದರೂ ನಂಬಬೇಡ. ರಿಸೀವರ್ ಎರಡು ಚಾನೆಲ್ಲನ್ನೇ ಐದಕ್ಕೆ ಹಂಚುತ್ತಿದೆ. ಕಿವಿಗಿಂತ ಆ ದೀಪ ಹೆಚ್ಚು ಸತ್ಯ ಹೇಳುತ್ತದೆ.

ಒಂದು ತೊಡಕು ಬರಬಹುದು. ಟಿವಿಯೊಳಗಿನ ಆಪ್‌ಗಳಲ್ಲಿ 5.1 ಬರುತ್ತದೆ, ಆದರೆ ಎಚ್‌ಡಿಎಂಐಗೆ ಚುಚ್ಚಿದ ಬಾಕ್ಸಿನಿಂದ ಎರಡೇ ಚಾನೆಲ್. ಕೆಲವು ಟಿವಿಗಳ ಸ್ವಭಾವವೇ ಅದು. ಡಿಟಿಎಸ್ ಅನ್ನು ದಾಟಿಸದ ಟಿವಿಗಳೂ ಇವೆ. ಆಗ ಎಚ್‌ಡಿಎಂಐ ಆಡಿಯೋ ಎಕ್ಸ್‌ಟ್ರಾಕ್ಟರ್ ಎಂಬ ಅಂಗೈಯಗಲದ ಪೆಟ್ಟಿಗೆ ಸಿಗುತ್ತದೆ. ಬಾಕ್ಸಿಗೂ ಟಿವಿಗೂ ನಡುವೆ ಅದನ್ನಿಟ್ಟರೆ ಚಿತ್ರವನ್ನು ಟಿವಿಗೆ ಕಳಿಸಿ, ಸದ್ದನ್ನು ಆಪ್ಟಿಕಲ್‌ನಲ್ಲಿ ರಿಸೀವರಿಗೆ ಕೊಡುತ್ತದೆ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಕೇಳು. ಡಬ್ಬಿಯ ಮೇಲೆ 4ಕೆ 60 ಹರ್ಟ್ಸ್, ಎಚ್‌ಡಿಸಿಪಿ 2.2 ಎರಡೂ ಬರೆದಿರಬೇಕು, ಇಲ್ಲದಿದ್ದರೆ 4ಕೆ ಚಿತ್ರ ಬರದೆ ಟಿವಿ ಕಪ್ಪಾಗಿ ಕೂರಬಹುದು. ಅದರ ಮೈಮೇಲೆ ಪುಟ್ಟ ಸ್ವಿಚ್ ಇದ್ದರೆ 5.1ಕ್ಕೆ ಸರಿಸು.

ನಿನ್ನಪ್ಪನ ಡಿವಿಡಿ ಪ್ಲೇಯರಿನ ಸದ್ದನ್ನು ಮಾತ್ರ ಹಳೆಯ ಹಾಗೇ ಬಿಡು. ಅದರ ಹಿಂದೆ ಕಿತ್ತಳೆ ಬಣ್ಣದ ಕೋಆಕ್ಸಿಯಲ್ ಔಟ್ ಇದೆ, ಅಲ್ಲಿಂದ ನೇರ ರಿಸೀವರಿಗೆ. ಡಿವಿಡಿಯ ಡಾಲ್ಬಿಯೂ ಡಿಟಿಎಸ್ಸೂ ಟಿವಿಯ ಕೈಗೆ ಸಿಗದೆ ಹಾಗೇ ಬರುತ್ತವೆ. ಅದಕ್ಕೆ ದುಬಾರಿ ಕೇಬಲ್ ಬೇಡ. ಮನೆಯಲ್ಲಿ ಬಿದ್ದಿರುವ ಹಳದಿ ತುದಿಯ ವಿಡಿಯೋ ಕೇಬಲ್ ಕೂಡ 75 ಓಮಿನದೇ, ಚೆನ್ನಾಗಿ ನಡೆಯುತ್ತದೆ. ಆಪ್ಟಿಕಲ್ ಕೇಬಲ್ಲಿಗೂ ಅಷ್ಟೇ, ಚಿನ್ನದ ಬಣ್ಣ ನೋಡಿ ಹಣ ಸುರಿಯಬೇಡ. ಡಿಜಿಟಲ್ ಧ್ವನಿ ಬಂದರೆ ಪೂರ್ತಿ ಬರುತ್ತದೆ, ಇಲ್ಲದಿದ್ದರೆ ಕತ್ತರಿಸಿ ಕತ್ತರಿಸಿ ಬರುತ್ತದೆ ಅಥವಾ ಬರುವುದೇ ಇಲ್ಲ. ಬಗ್ಗಿಸುವಾಗ ಮಾತ್ರ ಮಡಿಕೆ ಬೀಳದಂತೆ ನೋಡಿಕೋ. ತುದಿಯ ಪ್ಲಾಸ್ಟಿಕ್ ಟೋಪಿ ತೆಗೆಯದೆ ಚುಚ್ಚಿ, ಸೆಟ್ಟು ಕೆಟ್ಟಿದೆ ಎಂದು ಹೊತ್ತುಕೊಂಡು ಹೋಗುವವರಿದ್ದಾರೆ, ಅದೂ ನೆನಪಿರಲಿ.

ನಿನ್ನ ಅತ್ತೆ ಮನೆಯಲ್ಲಿರುವುದು ಬೇರೆ ಬಗೆ, ಡಿವಿಡಿ ಪ್ಲೇಯರಿನ ಒಳಗೇ ಆಂಪ್ಲಿಫೈಯರ್ ಇರುವ ಸೆಟ್ಟು. ಅದಕ್ಕೂ ಆಪ್ಟಿಕಲ್ ಇನ್ ಇದೆಯೇ ಮೊದಲು ನೋಡಲು ಹೇಳು. ಕೆಂಪು-ಬಿಳಿಯ ಆಕ್ಸ್ ಮಾತ್ರ ಇದ್ದರೆ ಆಪ್ಟಿಕಲ್ಲನ್ನು ಅನಲಾಗ್ ಮಾಡಿಕೊಡುವ ಸಣ್ಣ ಕನ್ವರ್ಟರ್ ಹಾಕಬೇಕು. ಆಗ ನಾನು ಮೇಲೆ ಹೇಳಿದ್ದಕ್ಕೆ ಪೂರ್ತಿ ಉಲ್ಟಾ: ಟಿವಿಯಲ್ಲಿ ಪಿಸಿಎಂ ಎಂದೇ ಇಡಬೇಕು. ಆ ಅಗ್ಗದ ಕನ್ವರ್ಟರಿಗೆ ಡಾಲ್ಬಿ ಬಿಡಿಸಲು ಬರುವುದಿಲ್ಲ. ಡಾಲ್ಬಿ ಕಳಿಸಿದರೆ ಸದ್ದೇ ಬರುವುದಿಲ್ಲ, ಇಲ್ಲವೇ ಕರ್ಕಶವಾಗಿ ಗೊರಗೊರ ಎನ್ನುತ್ತದೆ. ಎರಡು ಚಾನೆಲ್ ಬಂದ ಮೇಲೆ ಸೆಟ್ಟಿನಲ್ಲಿ ಪ್ರೋ ಲಾಜಿಕ್ ಇದ್ದರೆ ಒತ್ತಲಿ, ಮಾತು ನಡುವಿನ ಸ್ಪೀಕರಿಗೆ ಬರುತ್ತದೆ. ವೈರಿನ ಬದಲು ಬ್ಲೂಟೂತ್ ಬೇಡ, ಸದ್ದು ತಡವಾಗುತ್ತದೆ.

ಇನ್ನು 2009ರ ನಂತರದ ರಿಸೀವರ್ ಇರುವವರಿಗೆ ಒಂದೇ ಮಾತು. ಎಚ್‌ಡಿಎಂಐ ಪಕ್ಕದಲ್ಲಿ ಎಆರ್‌ಸಿ ಎಂದು ಬರೆದಿದ್ದರೆ, ಟಿವಿಯಲ್ಲೂ ಎಆರ್‌ಸಿ ಎಂದಿರುವ ಕಿಂಡಿಗೇ ಸೇರಿಸಿ, ಸಿಇಸಿ ಆನ್ ಮಾಡಿದರೆ ಆಪ್ಟಿಕಲ್ ಬೇಕಿಲ್ಲ, ಟಿವಿಯ ರಿಮೋಟಿನಲ್ಲೇ ವಾಲ್ಯೂಮ್ ಆಗುತ್ತದೆ. ಆ ಸಿಇಸಿಗೆ ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಅನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್ ಅನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಅನ್ನುತ್ತದೆ. ನಿಮ್ಮದರಲ್ಲಿ ವಾಲ್ಯೂಮಿಗೆ ರಿಸೀವರಿನ ರಿಮೋಟೇ ಬೇಕು.

ಮಾತಿಗೂ ತುಟಿಗೂ ತಾಳ ತಪ್ಪಿದಂತೆ ಕಂಡರೆ ಗಾಬರಿಯಾಗಬೇಡ. ಹೊಸ ಟಿವಿ ಚಿತ್ರವನ್ನು ತಿದ್ದಿತೀಡಿ ತೋರಿಸುವಷ್ಟರಲ್ಲಿ ಸದ್ದು ಮೊದಲೇ ರಿಸೀವರ್ ತಲುಪಿರುತ್ತದೆ. ಸದ್ದು 45 ಮಿಲಿಸೆಕೆಂಡ್ ಮುಂದಾದರೆ ನಮಗೆ ಗೊತ್ತಾಗಿಬಿಡುತ್ತದೆ, ಹಿಂದಾದರೆ 125ರವರೆಗೂ ಗೊತ್ತಾಗುವುದಿಲ್ಲ. ದೂರದ ಬಟ್ಟೆ ಒಗೆಯುವ ಕಲ್ಲಿನ ಸದ್ದು ಏಟಿನ ನಂತರವೇ ಕೇಳುತ್ತದಲ್ಲ, ತಡವಾಗಿ ಬರುವ ಸದ್ದಿಗೆ ಕಿವಿ ಹುಟ್ಟಿನಿಂದಲೇ ಒಗ್ಗಿದೆ. ರಿಸೀವರಿನ ಮೆನುವಿನಲ್ಲಿ ಆಡಿಯೋ ಡಿಲೇ ಅಥವಾ ಎ/ವಿ ಸಿಂಕ್ ಹುಡುಕು. ವಾರ್ತೆ ಓದುವವರ ತುಟಿ ನೋಡುತ್ತಾ 10-10 ಮಿಲಿಸೆಕೆಂಡ್ ಏರಿಸುತ್ತಾ ಹೋಗು. ರಿಸೀವರಿನಲ್ಲಿ ಇಲ್ಲದಿದ್ದರೆ ಟಿವಿಯಲ್ಲಿ ಇರಬಹುದು.

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಕರೆಂಟಿನ ವಿಷಯ. ಕೆಂಪು-ಬಿಳಿ ವೈರಿನಲ್ಲಿ ಟಿವಿ ಸೇರಿಸಿದಾಗ ಸ್ಪೀಕರಿನಲ್ಲಿ ಗುಂಯ್ ಎನ್ನುವುದುಂಟು. ಅದು ನಮ್ಮ ಲೈನಿನ 50 ಹರ್ಟ್ಸ್. ಕೇಬಲ್ ಟಿವಿ ವೈರಿನ ಅರ್ಥಿಂಗಿಗೂ ಮನೆಯ ಅರ್ಥಿಂಗಿಗೂ ವ್ಯತ್ಯಾಸವಾಗಿ ಬರುವಂಥದ್ದು. ಯಾರಾದರೂ ಪ್ಲಗ್ಗಿನ ದಪ್ಪ ಪಿನ್ನು ಮುರಿದರೆ ನಿಲ್ಲುತ್ತದೆ ಎಂದರೆ ಕೇಳಬೇಡ. ನಿಲ್ಲಬಹುದು, ಆದರೆ ಆ ಪಿನ್ನು ನಿಮ್ಮ ಜೀವ ಕಾಯುವುದಕ್ಕೆ ಇರುವುದು. ಆಪ್ಟಿಕಲ್‌ನಲ್ಲಿ ಹೋಗುವುದು ಬರೀ ಬೆಳಕು, ತಾಮ್ರವೇ ಇಲ್ಲ, ಹಾಗಾಗಿ ಆ ಗುಂಯ್ ಸದ್ದು ದಾಟಿ ಬರಲಾರದು. ಎಚ್‌ಡಿಎಂಐ ವೈರ್ ಹಾಕುವಾಗ, ತೆಗೆಯುವಾಗ ಎರಡೂ ಕಡೆಯ ಪ್ಲಗ್ ಕಿತ್ತಿಟ್ಟಿರು. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಕಿಂಡಿ ಸುಟ್ಟುಹೋಗಲು ಕ್ಷಣ ಸಾಕು. ನಿಮ್ಮೂರು ತೀರ್ಥಹಳ್ಳಿಯ ಸಿಡಿಲಿನ ಬಗ್ಗೆ ನಿನಗೆ ನಾನು ಹೇಳಬೇಕಿಲ್ಲ. ಏಪ್ರಿಲ್-ಮೇ ತಿಂಗಳ ಮಳೆಗೆ ಮುಗಿಲು ಕಪ್ಪಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಡಿಶ್ಶಿನಿಂದ ಬರುವ ವೈರನ್ನೂ ಮೊದಲೇ ಕಿತ್ತಿಡಬೇಕು. ಗುಡುಗು ಶುರುವಾದ ಮೇಲೆ ಅವನ್ನು ಮುಟ್ಟಲು ಹೋಗಬೇಡ.

ಸ್ಪೀಕರುಗಳು ಇಷ್ಟು ವರ್ಷ ಮಲೆನಾಡಿನ ತೇವ ಕುಡಿದಿವೆ. ಮುಂದಿನ ಬಲೆ ಬಿಚ್ಚಿ ಕೋನಿನ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟು. ರಬ್ಬರಾದರೆ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಫೋಮ್ ಆದರೆ ಪುಡಿಪುಡಿಯಾಗಿ ಉದುರಬಹುದು. ಹಾಗಾದರೂ ಸ್ಪೀಕರ್ ಎಸೆಯಬೇಡ, ಅಂಚು ಮಾತ್ರ ಬದಲಾಯಿಸಿಕೊಡುವವರಿದ್ದಾರೆ. ಹಸಿರುಗಟ್ಟಿದ ವೈರಿನ ತುದಿ ಕತ್ತರಿಸಿ, ಹೊಸ ತಾಮ್ರ ಕಾಣುವಂತೆ ಸುಲಿದು ಸಿಕ್ಕಿಸು. ಇಲಿ ಕಡಿದಿದೆಯೇ ಉದ್ದಕ್ಕೂ ನೋಡು. ಕೆಂಪು-ಕಪ್ಪು ಅದಲುಬದಲಾಗಿದೆ ಎಂಬ ಅನುಮಾನ ಬಂದರೆ ವೈರನ್ನು ರಿಸೀವರಿನಿಂದ ಬಿಚ್ಚಿ, ಆ ತುದಿಗೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಅರೆಕ್ಷಣ ತಾಗಿಸು. ಪ್ಲಸ್ಸಿಗೆ ಪ್ಲಸ್ ಸೇರಿದ್ದರೆ ಕೋನ್ ಹೊರಕ್ಕೆ ಬರುತ್ತದೆ, ಇಲ್ಲದಿದ್ದರೆ ಒಳಕ್ಕೆ ಹೋಗುತ್ತದೆ. ಒಂದು ಸ್ಪೀಕರ್ ಉಲ್ಟಾ ಆದರೂ ಬೇಸ್ ಸೊರಗುತ್ತದೆ, ಮಾತು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ಸಬ್‌ವೂಫರಿಗೆ ಈ ಪರೀಕ್ಷೆ ಬೇಡ, ಅದರೊಳಗೇ ಆಂಪ್ಲಿಫೈಯರ್ ಇದೆ.

ಎಲ್ಲ ಆದ ಮೇಲೆ ರಿಸೀವರಿನ ಟೆಸ್ಟ್ ಟೋನ್ ಹಾಕಿ, ನಿನ್ನಪ್ಪ ಕೂರುವ ಕುರ್ಚಿಯಲ್ಲಿ ಕೂತು ಐದೂ ಸ್ಪೀಕರ್ ಸಮವಾಗಿ ಕೇಳುವಂತೆ ಹೊಂದಿಸು. ಆಮೇಲೆ ನಡುವಿನ ಸ್ಪೀಕರನ್ನು ಮಾತ್ರ 2-3 ಡೆಸಿಬಲ್ ಏರಿಸು. ಸಿನಿಮಾದ ಮಾತು ಮುಕ್ಕಾಲುಪಾಲು ಅದರಲ್ಲೇ ಬರುವುದು. ಅವನಿಗೆ ಈಗೀಗ ಸಂಭಾಷಣೆ ಸರಿಯಾಗಿ ಕೇಳುವುದಿಲ್ಲ ಎಂದು ನೀನು ಹೇಳುತ್ತಿದ್ದೆಯಲ್ಲ. ಟಿವಿಯ ಸ್ಪೀಕರುಗಳು ಹಿಂಬದಿಗೋ ಕೆಳಕ್ಕೋ ಮುಖಮಾಡಿವೆ. ಮಾತು ಗೋಡೆಗೆ ಬಡಿದು ಬರುತ್ತದೆ. ನಡುವಿನ ಸ್ಪೀಕರ್ ಅವನ ಮುಖಕ್ಕೇ ನೇರ ಮಾತಾಡುತ್ತದೆ, ಹಿನ್ನೆಲೆ ಸಂಗೀತ ಏರಿಸದೆ ಮಾತನ್ನಷ್ಟೇ ಏರಿಸಿಕೊಡುತ್ತದೆ. ಸಾಮಾನ್ಯ ಸೌಂಡ್‌ಬಾರಿನಲ್ಲಿ ಇದು ಇಷ್ಟು ಸ್ಪಷ್ಟವಾಗಿ ಆಗುವುದಿಲ್ಲ, ಕೊಡಬೇಡ ಎಂದು ನಾನು ಇಷ್ಟು ಹಟ ಹಿಡಿದದ್ದೂ ಅದಕ್ಕೇ.

ಈ ಭಾನುವಾರ ಹಗಲು ಬೆಳಕಿನಲ್ಲಿ ರಿಸೀವರನ್ನು ಮುಂದಕ್ಕೆ ಎಳೆದು, ಹಿಂಬದಿಯ ಧೂಳು ಒರೆಸಿ ಒಂದು ಫೋಟೋ ತೆಗೆದು ಕಳಿಸು. ಟಿವಿಯ ಹಿಂಬದಿಯದೂ ಒಂದು. ಮಾಡೆಲ್ ನಂಬರ್ ಕಾಣಲಿ. ಯಾವ ಕಿಂಡಿಗೆ ಯಾವ ವೈರ್ ಎಂದು ಗುರುತು ಹಾಕಿ ವಾಪಸು ಕಳಿಸುತ್ತೇನೆ.